ಪೆಟ್ಟಿಗೆಯ ವೈದ್ಯ

ನೆಲದ ಮೇಲೆ ಬಿದ್ದ ಸೂಜಿಯೊಂದನ್ನು ಎತ್ತಿಕೊಳ್ಳುವುದು ಎಷ್ಟು ಸುಲಭವಾದ ಕೆಲಸ! ಬಾಗುತ್ತೇವೆ, ಕೈ ಚಾಚುತ್ತೇವೆ, ಎರಡು ಬೆರಳುಗಳಿಂದ ಅದನ್ನು ಹಿಡಿಯುತ್ತೇವೆ, ಮತ್ತೆ ನೆಟ್ಟಗೆ ನಿಲ್ಲುತ್ತೇವೆ. ಇಷ್ಟನ್ನು ಮಾಡುವಾಗ ಬೆನ್ನು, ತೊಡೆ, ಭುಜ, ತೋಳು, ಬೆರಳುಗಳ ಹತ್ತಾರು ಸ್ನಾಯುಗಳು ಒಂದರೊಡನೊಂದು ಹೊಂದಿಕೊಂಡು ದುಡಿದವೆಂಬುದು ನಮ್ಮ ಅರಿವಿಗೇ ಬರುವುದಿಲ್ಲ. ಮನುಷ್ಯನ ದೇಹದಲ್ಲಿ ಆರುನೂರಕ್ಕೂ ಹೆಚ್ಚು ಸ್ನಾಯುಗಳಿವೆ. ಅವು ತಮ್ಮ ಪಾಡಿಗೆ ತಾವು ದುಡಿಯುತ್ತಿರುವವರೆಗೆ ನಾವು ಅವುಗಳನ್ನು ನೆನೆಯುವುದೇ ಇಲ್ಲ. ಅವುಗಳಲ್ಲಿ ಒಂದು ಸೋತು ಕುಳಿತಾಗ ಮಾತ್ರ ಅದರ ಬೆಲೆ ತಿಳಿಯುತ್ತದೆ. ಅನ್ನದ ತುತ್ತನ್ನು ಬಾಯಿಗೆ ಒಯ್ಯಲಾರದ ಕೈ, ಮೆಟ್ಟಿಲನ್ನು ಏರಲಾರದ ಕಾಲು, ನಗಲಾರದ ಮುಖ ಮನುಷ್ಯನನ್ನು ಎಂಥ ಪರಾಧೀನತೆಗೆ ತಳ್ಳುತ್ತವೆ ಎಂಬುದನ್ನು ಅನುಭವಿಸಿದವರೇ ಬಲ್ಲರು.

ಇಂದಿನ ಆಸ್ಪತ್ರೆಗಳ ಫಿಸಿಯೊಥೆರಪಿ ವಿಭಾಗವನ್ನು ಹೊಕ್ಕು ನೋಡಿದರೆ ಅಲ್ಲಿ ಒಂದು ಸಣ್ಣ ವಿದ್ಯುದ್ಯಂತ್ರ ಕಾಣಸಿಗುತ್ತದೆ. ಅದರಿಂದ ಹೊರಟ ತಂತಿಗಳ ತುದಿಯಲ್ಲಿ ಮೆತ್ತನೆಯ ಪಟ್ಟಿಗಳಿರುತ್ತವೆ. ಅವುಗಳನ್ನು ರೋಗಿಯ ಬಲಗುಂದಿದ ಕಾಲಿನ ಮೇಲಿರಿಸಿ ಯಂತ್ರದ ಗುಂಡಿಯನ್ನು ತಿರುಗಿಸಿದರೆ, ರೋಗಿಯ ಪ್ರಯತ್ನವಿಲ್ಲದೆಯೇ ಕಾಲಿನ ಸ್ನಾಯು ಬಿಗಿಯುತ್ತದೆ, ಸಡಿಲುತ್ತದೆ, ಮತ್ತೆ ಬಿಗಿಯುತ್ತದೆ. ವಿದ್ಯುತ್ತಿನಿಂದ ಸ್ನಾಯುವನ್ನು ಪ್ರಚೋದಿಸುವ ಈ ವಿದ್ಯೆಯನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದವರಲ್ಲಿ ಅಗ್ರಗಣ್ಯನಾದವನು ಫ್ರಾನ್ಸ್ ದೇಶದ ವೈದ್ಯ ಗಿಯೋಮ್ ಡುಶೆನ್. ಅವನಿಗೆ ಪ್ರಾಧ್ಯಾಪಕ ಪೀಠವಿರಲಿಲ್ಲ. ಯಾವ ಆಸ್ಪತ್ರೆಯಲ್ಲಿಯೂ ಅಧಿಕಾರದ ಸ್ಥಾನವಿರಲಿಲ್ಲ. ಅವನ ಬಳಿ ಇದ್ದುದು ಒಂದು ಪೆಟ್ಟಿಗೆ ಮತ್ತು ದಣಿವರಿಯದ ಕುತೂಹಲ. ಬದುಕು ಕೊಟ್ಟ ಪೆಟ್ಟುಗಳ ನಡುವೆ ತನ್ನ ವೃತ್ತಿಗೆ ಹೊಸದೊಂದು ದಾರಿಯನ್ನು ಕಂಡುಕೊಂಡ ಆ ವೈದ್ಯನ ಕಥೆ ಇದು.

ಇಂಗ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ನಡುವೆ ಕಿರಿದಾದ ಕಡಲ ತೋಳೊಂದು ಚಾಚಿಕೊಂಡಿದೆ. ಅದರ ಫ್ರಾನ್ಸ್ ತೀರದಲ್ಲಿರುವ ಬಂದರು ಪಟ್ಟಣ ಬುಲೋನ್. 1806ನೆಯ ಇಸವಿ ಸೆಪ್ಟೆಂಬರ್ 17ರಂದು ಡುಶೆನ್ ಅಲ್ಲಿ ಜನಿಸಿದನು. ಅವನ ಮನೆತನದವರು ತಲೆಮಾರುಗಳಿಂದ ಕಡಲನ್ನೇ ನೆಚ್ಚಿದವರು. ತಂದೆ ಹಡಗಿನ ನಾಯಕ. ನೆಪೋಲಿಯನ್ನನ ಕಾಲದ ಯುದ್ಧಗಳಲ್ಲಿ ತೋರಿದ ಧೈರ್ಯಕ್ಕಾಗಿ ಚಕ್ರವರ್ತಿಯಿಂದ ಗೌರವ ಪಡೆದವನು. ಮಗನೂ ಕಡಲಿಗಿಳಿಯಬೇಕೆಂಬುದು ತಂದೆಯ ಹಂಬಲವಾಗಿತ್ತು. ಆದರೆ ಹುಡುಗನ ಮನಸ್ಸು ವಿಜ್ಞಾನದತ್ತ ಒಲಿಯಿತು. ಡುಯೆ ಎಂಬ ಊರಿನಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ವೈದ್ಯಶಾಸ್ತ್ರವನ್ನು ಕಲಿಯಲು ಅವನು ಪ್ಯಾರಿಸ್ ನಗರಕ್ಕೆ ಹೋದನು.

ಆ ಕಾಲದಲ್ಲಿ ಪ್ಯಾರಿಸ್ ವೈದ್ಯವಿದ್ಯೆಯ ಕಾಶಿಯಂತಿತ್ತು. ಎದೆಯ ಸದ್ದನ್ನು ಆಲಿಸುವ ಸ್ಟೆತಸ್ಕೋಪನ್ನು ನಿರ್ಮಿಸಿದ ಲೆನೆಕ್, ಶಸ್ತ್ರಚಿಕಿತ್ಸೆಯಲ್ಲಿ ಹೆಸರಾದ ಡುಪುಯಿತ್ರೆನ್, ಶರೀರಕ್ರಿಯಾ ವಿಜ್ಞಾನದಲ್ಲಿ ಪ್ರಸಿದ್ಧನಾದ ಮಜಾಂಡಿ ಮೊದಲಾದವರು ಅಲ್ಲಿ ಪಾಠ ಹೇಳುತ್ತಿದ್ದರು. ರೋಗವನ್ನು ಗ್ರಂಥಗಳಲ್ಲಿ ಹುಡುಕದೆ ರೋಗಿಯ ಹಾಸಿಗೆಯ ಬಳಿಯಲ್ಲಿ ನಿಂತು ಕಣ್ಣಿಟ್ಟು ನೋಡಬೇಕೆಂಬ ಪಾಠ ಡುಶೆನ್ನನಿಗೆ ದೊರೆತದ್ದು ಇಂಥ ಗುರುಗಳಿಂದ. 1831ರಲ್ಲಿ ಅವನು ವೈದ್ಯ ಪದವಿಯನ್ನು ಪಡೆದನು. ಸುಟ್ಟ ಗಾಯಗಳನ್ನು ಕುರಿತು ಅವನು ಬರೆದ ಪ್ರಬಂಧ ಅಂಥ ಮನ್ನಣೆಯನ್ನೇನೂ ಗಳಿಸಲಿಲ್ಲ. ಪ್ಯಾರಿಸ್ಸಿನಲ್ಲಿ ನಿಲ್ಲಲು ಆಸರೆಯಾಗುವಂಥ ಸ್ಥಾನವೂ ಸಿಗಲಿಲ್ಲ. ಅವನು ಹುಟ್ಟೂರಿಗೆ ಹಿಂದಿರುಗಿ ಸಾಮಾನ್ಯ ವೈದ್ಯನಾಗಿ ವೃತ್ತಿಯನ್ನಾರಂಭಿಸಿದನು. ಅದೇ ವರ್ಷ ಅವನ ಮದುವೆಯೂ ಆಯಿತು.

ತನ್ನವರ ನಡುವೆ, ತನ್ನೂರಿನಲ್ಲಿ, ನೆಮ್ಮದಿಯ ಬಾಳೊಂದು ಅವನಿಗಾಗಿ ಕಾದಿರುವಂತೆ ತೋರಿತು. ಆದರೆ ಎರಡು ವರ್ಷ ಕಳೆಯುವಷ್ಟರಲ್ಲಿ ಎಲ್ಲವೂ ತಲೆಕೆಳಗಾಯಿತು. 1833ರಲ್ಲಿ ಅವನ ಪತ್ನಿ ಗಂಡುಮಗುವಿಗೆ ಜನ್ಮವಿತ್ತು, ಬಾಣಂತಿಯರಿಗೆ ಬರುವ ಸೂತಿಕಾಜ್ವರದಿಂದ ತೀರಿಕೊಂಡಳು. ಆ ಜ್ವರಕ್ಕೆ ಕಾರಣವೇನೆಂಬುದು ಅಂದು ಯಾರಿಗೂ ತಿಳಿದಿರಲಿಲ್ಲ. ಹೆರಿಗೆ ಮಾಡಿಸುವವರು ಕೈಗಳನ್ನು ಕ್ರಿಮಿನಾಶಕ ದ್ರಾವಣದಲ್ಲಿ ತೊಳೆದುಕೊಂಡರೆ ಅದನ್ನು ಬಹುಮಟ್ಟಿಗೆ ತಡೆಯಬಹುದೆಂದು ವಿಯೆನ್ನಾದ ಸೆಮೆಲ್‌ವೈಸ್ ತೋರಿಸಿಕೊಟ್ಟದ್ದು 1847ರಲ್ಲಿ. ಪತ್ನಿಯ ಹೆರಿಗೆಯಲ್ಲಿ ಡುಶೆನ್ನನೇ ವೈದ್ಯನಾಗಿದ್ದನು. ಆದ್ದರಿಂದ ಸಾವಿನ ಹೊಣೆಯನ್ನು ಅತ್ತೆ ಅವನ ತಲೆಗೇ ಕಟ್ಟಿದಳು. ಅಪವಾದ ಊರೆಲ್ಲ ಹಬ್ಬಿತು. ಕೂಸು ತಾಯಿಯ ಮನೆಯವರ ಬಳಿ ಬೆಳೆಯಿತು; ತಂದೆ ಮತ್ತು ಮಗನ ನಡುವೆ ದೀರ್ಘಕಾಲದ ಅಗಲಿಕೆಯ ಗೋಡೆ ಎದ್ದಿತು. ಮಡದಿಯನ್ನೂ ಮಗನನ್ನೂ ಊರವರ ವಿಶ್ವಾಸವನ್ನೂ ಒಟ್ಟಿಗೆ ಕಳೆದುಕೊಂಡ ಆ ತರುಣ ವೈದ್ಯನಿಗೆ ಆಗ ಇಪ್ಪತ್ತೇಳರ ಆಸುಪಾಸಿನ ವಯಸ್ಸು.

ಇಂಥ ದುಃಖದಲ್ಲಿ ಕೆಲವರು ಕೆಲಸವನ್ನು ಬಿಟ್ಟು ಕೂರುತ್ತಾರೆ. ಕೆಲವರು ಯಾಂತ್ರಿಕವಾಗಿ ದಿನ ದೂಡುತ್ತಾರೆ. ಡುಶೆನ್ನನೂ ಕೆಲಕಾಲ ಮಂಕು ಬಡಿದವನಂತಿದ್ದನು. ಅವನನ್ನು ಮತ್ತೆ ಎಚ್ಚರಿಸಿದ್ದು ಒಂದು ಸಣ್ಣ ಪ್ರಯೋಗ. ಅದನ್ನು ತಿಳಿಯಲು ನಾವು ತುಸು ಹಿಂದಕ್ಕೆ ಹೋಗಬೇಕು. ಇಟಲಿಯ ಗ್ಯಾಲ್ವಾನಿ ಎಂಬ ವಿಜ್ಞಾನಿ, ಸತ್ತ ಕಪ್ಪೆಯ ಕಾಲು ವಿದ್ಯುತ್ತಿನ ಸೋಂಕಿನಿಂದ ಮಿಡಿಯುವುದನ್ನು ಕಂಡು, ಆ ವಿಷಯವನ್ನು 1791ರಲ್ಲಿ ಪ್ರಕಟಿಸಿದ್ದನು. 1800ರಲ್ಲಿ ಅದೇ ದೇಶದ ವೋಲ್ಟಾ ವಿದ್ಯುತ್ಕೋಶವನ್ನು ನಿರ್ಮಿಸಿದನು. ಅಂದಿನಿಂದ ವೈದ್ಯರಲ್ಲಿ ಹಲವರು ನೋವು, ವಾತ, ಪಾರ್ಶ್ವವಾಯು ಮೊದಲಾದ ರೋಗಗಳಿಗೆ ವಿದ್ಯುತ್ತನ್ನು ಪ್ರಯೋಗಿಸತೊಡಗಿದ್ದರು. ದೇಹಕ್ಕೆ ಸೂಜಿ ಚುಚ್ಚಿ ಅದರ ಮೂಲಕ ವಿದ್ಯುತ್ತನ್ನು ಹಾಯಿಸುವುದು ಅವರ ಒಂದು ವಿಧಾನವಾಗಿತ್ತು.

1835ರ ಸುಮಾರಿನಲ್ಲಿ ಡುಶೆನ್ ತನ್ನ ರೋಗಿಗಳಿಗೆ ಈ ಚಿಕಿತ್ಸೆಯನ್ನು ಕೊಡುತ್ತಿದ್ದನು. ಸೂಜಿಯ ಮೂಲಕ ವಿದ್ಯುತ್ ಹರಿದಾಗಲೆಲ್ಲ ಅಲ್ಲಿಯ ಸ್ನಾಯು ಥಟ್ಟನೆ ಸಂಕುಚಿಸುವುದು ಅವನ ಕಣ್ಣಿಗೆ ಬಿತ್ತು. ಇತರರೂ ಇದನ್ನು ಕಂಡಿದ್ದರು; ಕಂಡು ಸುಮ್ಮನಾಗಿದ್ದರು. ಡುಶೆನ್ನನ ಮನಸ್ಸಿನಲ್ಲಿ ಪ್ರಶ್ನೆಗಳು ಮೊಳೆತವು. ಚರ್ಮಕ್ಕೆ ಗಾಯ ಮಾಡದೆಯೇ ಸ್ನಾಯುವನ್ನು ಪ್ರಚೋದಿಸಲಾಗದೆ? ಪಕ್ಕದ ಸ್ನಾಯುಗಳನ್ನು ಮುಟ್ಟದೆ ಒಂದೇ ಸ್ನಾಯುವನ್ನು ಆರಿಸಿಕೊಂಡು ಕೆಲಸ ಮಾಡಿಸಲಾಗದೆ? ಹಾಗೆ ಮಾಡಿಸಿದರೆ ಆ ಸ್ನಾಯುವಿನ ನಿಜವಾದ ಕೆಲಸವೇನೆಂಬುದು ಜೀವಂತ ದೇಹದಲ್ಲಿಯೇ ತಿಳಿಯುವುದಲ್ಲವೆ? ಅಲ್ಲಿಯವರೆಗೆ ಶರೀರರಚನೆಯನ್ನು ಕಲಿಯುವವರು ಶವಗಳನ್ನು ಕೊಯ್ದು, ಸ್ನಾಯು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂಬುದನ್ನು ನೋಡಿ, ಅದರ ಕೆಲಸವನ್ನು ಊಹಿಸುತ್ತಿದ್ದರು. ಡುಶೆನ್ ಜೀವಂತ ಸ್ನಾಯುವನ್ನೇ ಕೇಳಿ ತಿಳಿಯಲು ಹೊರಟನು.

ಈ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ನಾನಾ ಬಗೆಯ ರೋಗಿಗಳನ್ನು ನೋಡಬೇಕು. ಸಣ್ಣ ಬಂದರಿನಲ್ಲಿ ಅದು ಸಾಧ್ಯವಿರಲಿಲ್ಲ. ಈ ನಡುವೆ ಅವನು ಮಾಡಿಕೊಂಡ ಎರಡನೆಯ ಮದುವೆಯೂ ಸುಖವನ್ನು ತರಲಿಲ್ಲ. 1842ರಲ್ಲಿ, ಮೂವತ್ತಾರರ ವಯಸ್ಸಿನಲ್ಲಿ, ಅವನು ಊರನ್ನು ಬಿಟ್ಟು ಪ್ಯಾರಿಸ್ ಸೇರಿದನು. ಇತರರು ವೃತ್ತಿಯಲ್ಲಿ ನೆಲೆಯೂರುವ ವಯಸ್ಸಿನಲ್ಲಿ ಅವನು ಮೊದಲಿನಿಂದ ಆರಂಭಿಸಬೇಕಾಯಿತು.

ಪ್ಯಾರಿಸ್ ಅವನನ್ನು ಆದರದಿಂದ ಬರಮಾಡಿಕೊಳ್ಳಲಿಲ್ಲ. ಅಲ್ಲಿಯ ದೊಡ್ಡ ಆಸ್ಪತ್ರೆಗಳ ಒಂದೊಂದು ವಿಭಾಗಕ್ಕೂ ಒಬ್ಬೊಬ್ಬ ಹಿರಿಯ ವೈದ್ಯ ಒಡೆಯನಂತಿರುತ್ತಿದ್ದನು. ಆ ಸ್ಥಾನಗಳನ್ನು ಸ್ಪರ್ಧೆಯ ಪರೀಕ್ಷೆಗಳಲ್ಲಿ ಗೆದ್ದು ಪಡೆಯಬೇಕಾಗಿತ್ತು. ಗೆಲ್ಲಲು ವಾಕ್ಚಾತುರ್ಯವೂ ದೊಡ್ಡವರ ಬೆಂಬಲವೂ ಬೇಕಾಗಿದ್ದವು. ಡುಶೆನ್ ಮಾತಿನಲ್ಲಿ ಜಾಣನಲ್ಲ. ಅವನ ಉಚ್ಚಾರಣೆಯಲ್ಲಿ ಹುಟ್ಟೂರಿನ ಧಾಟಿ ಎದ್ದು ಕಾಣುತ್ತಿತ್ತು. ಹೊಟ್ಟೆಪಾಡಿಗೆ ಖಾಸಗಿಯಾಗಿ ರೋಗಿಗಳನ್ನು ನೋಡುತ್ತ, ಉಳಿದ ವೇಳೆಯಲ್ಲಿ ತನ್ನ ವಿದ್ಯುತ್ ಪೆಟ್ಟಿಗೆಯನ್ನು ಹಿಡಿದು ಅವನು ಒಂದು ಆಸ್ಪತ್ರೆಯಿಂದ ಇನ್ನೊಂದು ಆಸ್ಪತ್ರೆಗೆ ನಡೆಯುತ್ತಿದ್ದನು. ವಾರ್ಡುಗಳಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗಿ, ಕೈಕಾಲು ಸೋತವರನ್ನು ಹುಡುಕಿ, ಅವರ ಬಳಿ ಕುಳಿತು, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿ ವಿವರಗಳನ್ನು ಬರೆದುಕೊಳ್ಳುತ್ತಿದ್ದನು. ಕರೆಯದೆ ಬರುವ ಈ ಪೆಟ್ಟಿಗೆಯ ವೈದ್ಯನನ್ನು ಕಂಡು ಕಿರಿಯ ವೈದ್ಯರು ನಕ್ಕರು. ಹಿರಿಯರಲ್ಲಿ ಹಲವರು ಮುಖ ಸಿಂಡರಿಸಿದರು.

ಅವರ ಸಂದೇಹಕ್ಕೆ ಕಾರಣವಿಲ್ಲದಿರಲಿಲ್ಲ. ವಿದ್ಯುತ್ತಿನ ಹೆಸರು ಹೇಳಿ ಹಣ ಮಾಡುವವರು ಆ ಕಾಲದಲ್ಲಿ ಬೇಕಾದಷ್ಟಿದ್ದರು. ಮೈಗೆ ಸುತ್ತಿಕೊಂಡರೆ ಸಕಲ ರೋಗಗಳೂ ಮಾಯವಾಗುತ್ತವೆಂದು ನಂಬಿಸಿ ವಿದ್ಯುತ್ ಸರಪಳಿಗಳನ್ನೂ ನಡುಪಟ್ಟಿಗಳನ್ನೂ ಮಾರುವ ವ್ಯಾಪಾರ ಯೂರೋಪಿನಲ್ಲಿ ಆ ಶತಮಾನದಲ್ಲಿ ನಡೆಯಿತು. ಡುಶೆನ್ನನನ್ನೂ ಅಂಥವರ ಸಾಲಿಗೆ ಸೇರಿಸುವುದು ಸುಲಭವಾಗಿತ್ತು. ಆದರೆ ಅವನು ಹಿಮ್ಮೆಟ್ಟಲಿಲ್ಲ. ಮರುದಿನ ಮತ್ತೆ ಬಂದನು. ತಾನು ಪರೀಕ್ಷಿಸಿದ ರೋಗಿ ಬೇರೊಂದು ಆಸ್ಪತ್ರೆಗೆ ಹೋದರೆ ಅಲ್ಲಿಗೂ ಹುಡುಕಿಕೊಂಡು ಹೋದನು. ಒಬ್ಬ ರೋಗಿಯ ಸ್ಥಿತಿ ತಿಂಗಳುಗಳಲ್ಲಿ, ವರ್ಷಗಳಲ್ಲಿ ಹೇಗೆ ಬದಲಾಗುತ್ತದೆಂಬುದನ್ನು ಬಿಡದೆ ಗಮನಿಸಿದನು. ಒಂದೇ ಆಸ್ಪತ್ರೆಯ ಅಧಿಕಾರಿಯಾಗಿದ್ದರೆ ಅಲ್ಲಿಯ ರೋಗಿಗಳಷ್ಟೇ ಅವನ ಪಾಲಿಗೆ ಬರುತ್ತಿದ್ದರು. ಅಧಿಕಾರವಿಲ್ಲದವನಿಗೆ ಇಡೀ ನಗರವೇ ಅಧ್ಯಯನದ ಶಾಲೆಯಾಯಿತು.

ಅವನ ಪೆಟ್ಟಿಗೆಯಲ್ಲಿ ಏನಿತ್ತು? ಡುಶೆನ್ ವೈದ್ಯ ಪದವಿಯನ್ನು ಪಡೆದ 1831ರಲ್ಲಿಯೇ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ವಿದ್ಯುತ್ಕಾಂತೀಯ ಪ್ರೇರಣೆಯನ್ನು ಕಂಡುಹಿಡಿದಿದ್ದನು. ಒಂದು ತಂತಿಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಮೇಲಿಂದ ಮೇಲೆ ಕಡಿದು ಕೂಡಿಸುತ್ತಿದ್ದರೆ, ಅದರ ಪಕ್ಕದ ಇನ್ನೊಂದು ಸುರುಳಿಯಲ್ಲಿಯೂ ವಿದ್ಯುತ್ ಹುಟ್ಟುತ್ತದೆ. ಕ್ಷಣಕ್ಷಣಕ್ಕೂ ಮಿಡಿಯುವ ಈ ಪ್ರವಾಹ ಸ್ನಾಯುಗಳನ್ನು ಚೆನ್ನಾಗಿ ಪ್ರಚೋದಿಸುತ್ತದೆ. ಚರ್ಮವನ್ನು ಸುಡುವ ಭಯವೂ ಕಡಮೆ. ಇಂಥ ಪ್ರವಾಹವನ್ನು ಉಂಟುಮಾಡಿ, ಅದರ ಬಲವನ್ನು ಬೇಕಾದಂತೆ ಹೆಚ್ಚುಕಡಮೆ ಮಾಡಬಹುದಾದ ಉಪಕರಣವೊಂದನ್ನು ಡುಶೆನ್ ತಾನೇ ರೂಪಿಸಿಕೊಂಡನು. ಅದನ್ನು ಕೈಯಲ್ಲಿ ಹಿಡಿದು ಒಯ್ಯಬಹುದಾಗಿತ್ತು.

ಅವನ ವಿಧಾನದ ಮುಖ್ಯ ಗುಟ್ಟು ನೀರಿನಲ್ಲಿತ್ತು. ಒಣಗಿದ ಚರ್ಮದ ಮೇಲೆ ಒಣ ಲೋಹವನ್ನಿಟ್ಟರೆ ವಿದ್ಯುತ್ ಚರ್ಮದಲ್ಲಿಯೇ ನಿಂತು ಉರಿಯನ್ನುಂಟುಮಾಡುತ್ತದೆ. ಚರ್ಮವನ್ನೂ ಅದಕ್ಕೆ ತಾಗುವ ತುದಿಯನ್ನೂ ಚೆನ್ನಾಗಿ ತೇವಗೊಳಿಸಿ ಒತ್ತಿ ಹಿಡಿದರೆ, ಅದು ಒಳಕ್ಕಿಳಿದು ಕೆಳಗಿನ ಸ್ನಾಯುವನ್ನೋ ನರವನ್ನೋ ಮುಟ್ಟುತ್ತದೆ. ಈ ರೀತಿಯಲ್ಲಿ ಸೂಜಿಯ ಹಂಗಿಲ್ಲದೆ ಒಂದೊಂದೇ ಸ್ನಾಯುವನ್ನು ಬಿಡಿಯಾಗಿ ಪ್ರಚೋದಿಸಲು ಡುಶೆನ್ ಸಮರ್ಥನಾದನು. ದೇಹದ ಮೇಲೆ ಯಾವ ಯಾವ ಬಿಂದುವಿನಲ್ಲಿ ತುದಿಯನ್ನಿಟ್ಟರೆ ಯಾವ ಸ್ನಾಯು ಚಲಿಸುತ್ತದೆಂಬುದನ್ನು ಅವನು ತಾಳ್ಮೆಯಿಂದ ಹುಡುಕಿದನು. ಹಲವು ವರ್ಷಗಳ ಈ ದುಡಿಮೆಯ ಫಲವಾಗಿ 1855ರಲ್ಲಿ, ಒಂದೆಡೆಗೆ ಸೀಮಿತವಾದ ವಿದ್ಯುತ್ ಪ್ರಚೋದನೆಯನ್ನು ಕುರಿತ ಅವನ ದೊಡ್ಡ ಗ್ರಂಥ ಹೊರಬಂದಿತು. ಸ್ನಾಯುಗಳಿಂದ ಚಲನೆಗಳು ಹೇಗೆ ಉಂಟಾಗುತ್ತವೆಂಬುದನ್ನು ವಿವರಿಸುವ ಇನ್ನೊಂದು ಗ್ರಂಥ 1867ರಲ್ಲಿ ಪ್ರಕಟವಾಯಿತು. ಯಾವ ಸ್ನಾಯುವೂ ಒಂಟಿಯಾಗಿ ದುಡಿಯುವುದಿಲ್ಲ. ಒಂದು ಸ್ನಾಯು ಎಳೆಯುವಾಗ ಇನ್ನೊಂದು ಹಿಡಿದು ನಿಲ್ಲಿಸುತ್ತದೆ, ಮತ್ತೊಂದು ಹದವಾಗಿ ಬಿಟ್ಟುಕೊಡುತ್ತದೆ ಎಂಬುದನ್ನು ಅವನು ಸ್ಪಷ್ಟಪಡಿಸಿದನು.

ಪೆಟ್ಟಿಗೆ ಚಿಕಿತ್ಸೆಗೆ ಮಾತ್ರವಲ್ಲದೆ ರೋಗವನ್ನು ಗುರುತಿಸುವುದಕ್ಕೂ ನೆರವಾಯಿತು. ಆ ಕಾಲದ ಬಣ್ಣಗಳಲ್ಲಿ ಸೀಸ ಸೇರಿರುತ್ತಿತ್ತು. ಬಣ್ಣ ಬಳಿಯುವ ಕೆಲಸಗಾರರ ಮೈಯೊಳಗೆ ಸೀಸದ ವಿಷ ಸೇರಿ, ಅವರ ಮಣಿಕಟ್ಟು ಜೋತುಬೀಳುತ್ತಿತ್ತು. ಮೆದುಳಿನಲ್ಲಿ ರಕ್ತಸ್ರಾವವಾದವರ ಕೈಯೂ ಹೀಗೆಯೇ ಸೋಲುತ್ತದೆ. ನೋಡುವವರಿಗೆ ಎರಡೂ ಒಂದೇ. ಆದರೆ ಮೆದುಳಿನ ದೋಷದಿಂದ ಸೋತ ಕೈಯ ಸ್ನಾಯುಗಳು ವಿದ್ಯುತ್ತಿಗೆ ಓಗೊಡುತ್ತವೆ. ಸೀಸದ ವಿಷ ತಗಲಿದ ಸ್ನಾಯುಗಳು ಸುಮ್ಮನಿರುತ್ತವೆ. ಹೀಗೆ ರೋಗದ ಬೇರು ಮೆದುಳಿನಲ್ಲಿದೆಯೋ ನರದಲ್ಲಿದೆಯೋ ಎಂಬುದನ್ನು ಪೆಟ್ಟಿಗೆಯ ನೆರವಿನಿಂದ ತಿಳಿಯುವಂತಾಯಿತು. ಇನ್ನು ಕೆಲವರು ಕುಡಿದವರಂತೆ ತೂರಾಡುತ್ತ ನಡೆಯುತ್ತಿದ್ದರು. ಅವರಿಗೆ ಪಾರ್ಶ್ವವಾಯು ಬಡಿದಿದೆಯೆಂದು ಹಲವರು ಭಾವಿಸಿದ್ದರು. ಅವರ ಸ್ನಾಯುಗಳಲ್ಲಿ ಬಲವೇನೂ ಕುಂದಿಲ್ಲ, ಅವುಗಳನ್ನು ಹೊಂದಿಸಿ ನಡೆಸುವ ಶಕ್ತಿ ಮಾತ್ರ ತಪ್ಪಿದೆ ಎಂಬುದನ್ನು ಡುಶೆನ್ 1858 ಮತ್ತು 1859ರಲ್ಲಿ ವಿವರವಾಗಿ ತೋರಿಸಿಕೊಟ್ಟನು. ಸೋತ ಸ್ನಾಯುವಿನ ಕೆಲಸವನ್ನು ಮಾಡಬಲ್ಲ ಸ್ಪ್ರಿಂಗುಗಳನ್ನು ಅಳವಡಿಸಿದ ಸಾಧನಗಳನ್ನೂ ರೋಗಿಗಳಿಗಾಗಿ ರೂಪಿಸಿದನು.

ಸ್ನಾಯುಗಳ ಹಾದಿಯಲ್ಲಿ ನಡೆದ ಡುಶೆನ್ ಮನುಷ್ಯನ ಮುಖದ ಬಳಿಗೂ ಬಂದನು. ಸಂತೋಷ, ಭಯ, ದುಃಖ, ಆಶ್ಚರ್ಯ ಇವು ಮುಖದಲ್ಲಿ ಮೂಡುವುದು ಯಾವ ಯಾವ ಸ್ನಾಯುಗಳಿಂದ? ಇದನ್ನು ಅರಿಯಲು ಅವನು ಮುಖದ ಒಂದೊಂದು ಸ್ನಾಯುವನ್ನೂ ಪ್ರಚೋದಿಸಿ, ಆ ಕ್ಷಣದ ಛಾಯಾಚಿತ್ರವನ್ನು ತೆಗೆದನು. ಛಾಯಾಚಿತ್ರ ಕಲೆ ಆಗಿನ್ನೂ ಎಳೆಯದು. ಪ್ರಸಿದ್ಧ ಛಾಯಾಗ್ರಾಹಕ ನಾಡಾರನ ಸೋದರ ಆದ್ರಿಯೆನ್ ತುರ್ನಾಶೋನ್ ಕೆಲವು ಚಿತ್ರಗಳಿಗೆ ನೆರವಾದನು. ಈ ಚಿತ್ರಗಳಲ್ಲಿ ಹೆಚ್ಚಿನವುಗಳಲ್ಲಿ ಕಾಣುವವನು ಹಲ್ಲುದುರಿದ ಒಬ್ಬ ಬಡ ಮುದುಕ. ಕಾಯಿಲೆಯಿಂದ ಅವನ ಮುಖ ಸ್ಪರ್ಶಜ್ಞಾನವನ್ನು ಕಳೆದುಕೊಂಡಿತ್ತು. ಚಿತ್ರಗಳಲ್ಲಿ ಅವನ ಮುಖ ಭಯಾನಕವಾಗಿ ಕಂಡರೂ ವಿದ್ಯುತ್ತಿನಿಂದ ಅವನಿಗೆ ನೋವಾಗುತ್ತಿರಲಿಲ್ಲ. ರೋಗಿಯೊಬ್ಬನನ್ನು ಹೀಗೆ ಪ್ರಯೋಗಕ್ಕೆ ಒಡ್ಡುವಾಗ ಇಂದಿನ ವೈದ್ಯರು ಅವನ ಒಪ್ಪಿಗೆಯನ್ನು ವಿಧಿಬದ್ಧವಾಗಿ ಪಡೆಯಬೇಕು. ಅಂದು ಅಂಥ ಕಟ್ಟಳೆಗಳಿರಲಿಲ್ಲವೆಂಬುದನ್ನೂ ನಾವು ಮರೆಯಬಾರದು.

ಈ ಅಧ್ಯಯನದಿಂದ ಅವನಿಗೆ ಸ್ವಾರಸ್ಯವಾದ ಒಂದು ಸಂಗತಿ ತಿಳಿಯಿತು. ಕೆನ್ನೆಯ ಸ್ನಾಯುವನ್ನು ಪ್ರಚೋದಿಸಿದಾಗ ತುಟಿಗಳ ಅಂಚು ಮೇಲಕ್ಕೇರಿ ನಗೆ ಮೂಡುತ್ತದೆ. ಆದರೆ ಆ ನಗೆ ನಿರ್ಜೀವವಾಗಿ ಕಾಣುತ್ತದೆ. ನಿಜವಾದ ಸಂತೋಷದಲ್ಲಿ ಕಣ್ಣಿನ ಸುತ್ತಣ ಸ್ನಾಯುವೂ ಜೊತೆಗೂಡಿ, ಕೆಳರೆಪ್ಪೆ ತುಸು ಮೇಲೆದ್ದು, ಕಣ್ಣಂಚಿನಲ್ಲಿ ನೆರಿಗೆಗಳು ಮೂಡುತ್ತವೆ. ತುಟಿಗಳನ್ನು ಬಯಸಿದಾಗ ಅರಳಿಸಬಹುದು. ಕಣ್ಣಿನ ಸುತ್ತಣ ಸ್ನಾಯು ಮಾತ್ರ ಅಷ್ಟು ಸುಲಭವಾಗಿ ನಮ್ಮ ಅಪ್ಪಣೆಗೆ ಮಣಿಯುವುದಿಲ್ಲ. ಕಣ್ಣು ನಗದಿದ್ದರೆ ಅದು ನಗೆಯಲ್ಲವೆಂಬ ನಮ್ಮ ಹಿರಿಯರ ಅನುಭವಕ್ಕೆ ಡುಶೆನ್ ಶಾಸ್ತ್ರದ ಆಧಾರವನ್ನು ಒದಗಿಸಿದನು. ಮುಖಭಾವಗಳನ್ನು ಕುರಿತ ಅವನ ಗ್ರಂಥ 1862ರಲ್ಲಿ ಪ್ರಕಟವಾಯಿತು. ಹತ್ತು ವರ್ಷಗಳ ತರುವಾಯ ಚಾರ್ಲ್ಸ್ ಡಾರ್ವಿನ್ ಮನುಷ್ಯ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು ಬರೆದಾಗ ಡುಶೆನ್ನನ ಚಿತ್ರಗಳಲ್ಲಿ ಕೆಲವನ್ನು ಬಳಸಿಕೊಂಡನು. ಹೃದಯದಿಂದ ಮೂಡುವ ನಗೆಯನ್ನು ಮನೋವಿಜ್ಞಾನಿಗಳು ಇಂದಿಗೂ ಡುಶೆನ್ ನಗೆಯೆಂದೇ ಕರೆಯುತ್ತಾರೆ. ಬಾಳಿನಲ್ಲಿ ನಗುವುದಕ್ಕೆ ಹೆಚ್ಚು ಅವಕಾಶವೇ ದೊರೆಯದ ಮನುಷ್ಯನ ಹೆಸರು ನಿಜವಾದ ನಗೆಗೆ ಅಂಟಿಕೊಂಡಿರುವುದು ಒಂದು ವಿಚಿತ್ರವೇ ಸರಿ.

ಡುಶೆನ್ನನ ಹೆಸರನ್ನು ವೈದ್ಯಲೋಕದಲ್ಲಿ ಶಾಶ್ವತಗೊಳಿಸಿದ್ದು ಮಕ್ಕಳ ಒಂದು ಕಾಯಿಲೆ. ಕೆಲವು ಗಂಡುಮಕ್ಕಳು ನಡೆಯಲು ಕಲಿಯುವುದು ತಡವಾಗುತ್ತದೆ. ನಡೆದರೂ ಪದೇ ಪದೇ ಬೀಳುತ್ತಾರೆ. ನೆಲದಿಂದ ಏಳುವಾಗ ಮೊಣಕಾಲು, ತೊಡೆಗಳ ಮೇಲೆ ಕೈಯೂರಿ, ತಮ್ಮ ಮೈಯನ್ನೇ ಏಣಿಯಂತೆ ಹತ್ತಿ ಏಳುತ್ತಾರೆ. ಅವರ ಮೀನಖಂಡಗಳು ಮಾತ್ರ ಕುಸ್ತಿಯ ಪೈಲವಾನನ ಕಾಲಿನಂತೆ ದಪ್ಪವಾಗಿ ತುಂಬಿಕೊಂಡಿರುತ್ತವೆ. ನೋಡಿದವರು ಹುಡುಗ ಬಲಶಾಲಿಯೆಂದುಕೊಳ್ಳುತ್ತಾರೆ. ಒಳಗೆ ಬಲ ದಿನದಿನಕ್ಕೂ ಕರಗುತ್ತಿರುತ್ತದೆ. ಇಂಗ್ಲೆಂಡಿನ ವೈದ್ಯ ಮೆರಿಯನ್ ಮುಂತಾದ ಕೆಲವರು ಇಂಥ ಮಕ್ಕಳನ್ನು ಮೊದಲೇ ಗಮನಿಸಿ ಬರೆದಿದ್ದರು. ಡುಶೆನ್ 1861ರಲ್ಲಿ ಒಬ್ಬ ಹುಡುಗನ ಸ್ಥಿತಿಯನ್ನು ವಿವರಿಸಿ, 1868ರಲ್ಲಿ ಹದಿಮೂರು ಮಕ್ಕಳ ವೃತ್ತಾಂತವನ್ನು ಕೂಡಿಸಿ, ಈ ರೋಗದ ಪೂರ್ಣ ಚಿತ್ರವನ್ನು ಕೊಟ್ಟನು.

ದಪ್ಪಗಿದ್ದೂ ಬಲವಿಲ್ಲದ ಆ ಸ್ನಾಯುವಿನೊಳಗೆ ಏನಿದೆ? ಅಲ್ಲಿಯವರೆಗೆ ಅದನ್ನು ತಿಳಿಯಲು ಸಾಮಾನ್ಯವಾಗಿ ರೋಗಿಯ ಮರಣವನ್ನು ಕಾಯಬೇಕಾಗಿತ್ತು. ಡುಶೆನ್ ಸೂಜಿಯಂಥ ಸಣ್ಣ ಉಪಕರಣವೊಂದನ್ನು ರೂಪಿಸಿ, ಜೀವಂತ ಸ್ನಾಯುವಿನಿಂದಲೇ ಎಳೆಯಷ್ಟು ತುಣುಕನ್ನು ಹೊರತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದನು. ಸ್ನಾಯುವಿನ ಎಳೆಗಳಿರಬೇಕಾದ ಕಡೆ ಕೊಬ್ಬು ಮತ್ತು ನಾರಿನಂಥ ಅಂಗಾಂಶ ತುಂಬಿಕೊಂಡಿರುವುದು ಕಂಡಿತು. ಬದುಕಿರುವವರ ಮೈಯಿಂದ ತುಣುಕನ್ನು ತೆಗೆಯುವುದನ್ನು ಆಗ ಕೆಲವರು ಆಕ್ಷೇಪಿಸಿದರು. ಇಂದು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ನಡೆಯುವ ಬಯಾಪ್ಸಿ ಪರೀಕ್ಷೆಯ ಪೂರ್ವಜರಲ್ಲಿ ಅವನ ಆ ಸೂಜಿಯೂ ಒಂದು.

ಆದರೆ ಈ ಮಕ್ಕಳನ್ನು ಗುಣಪಡಿಸುವುದು ಡುಶೆನ್ನನಿಂದ ಸಾಧ್ಯವಾಗಲಿಲ್ಲ. ಅವನು ಬಾಳೆಲ್ಲ ನೆಚ್ಚಿಕೊಂಡಿದ್ದ ಪೆಟ್ಟಿಗೆ, ಬಲಿತ ರೋಗದ ಮುಂದೆ ಸೋತಿತು. ಆ ಸೋಲನ್ನು ಅವನು ಬಚ್ಚಿಡಲಿಲ್ಲ. ಮದ್ದಿಲ್ಲದ ರೋಗಕ್ಕೆ ಮದ್ದಿದೆಯೆಂದು ಹೇಳಿ ತಾಯಿತಂದೆಗಳ ಆಸೆಯನ್ನು ಹಣವಾಗಿಸಿಕೊಳ್ಳುವವರಿಗೂ ಅವನಿಗೂ ಇದ್ದ ವ್ಯತ್ಯಾಸ ಇಲ್ಲಿ ತಿಳಿಯುತ್ತದೆ. ತನ್ನಿಂದ ಆದಷ್ಟನ್ನು ಸರಿಯಾಗಿ ನೋಡಿ, ಸರಿಯಾಗಿ ಬರೆದು, ಮುಂದಿನವರಿಗೆ ಒಪ್ಪಿಸಿದನು. ಆ ಬರವಣಿಗೆ ವ್ಯರ್ಥವಾಗಲಿಲ್ಲ. ಸುಮಾರು ನೂರ ಇಪ್ಪತ್ತು ವರ್ಷಗಳ ತರುವಾಯ, 1986 ಮತ್ತು 1987ರಲ್ಲಿ, ವಿಜ್ಞಾನಿಗಳು ಈ ರೋಗಕ್ಕೆ ಕಾರಣವಾದ ಜೀನನ್ನೂ ಅದರಿಂದ ಉಂಟಾಗುವ ಡಿಸ್ಟ್ರೊಫಿನ್ ಎಂಬ ಪ್ರೋಟೀನನ್ನೂ ಕಂಡುಹಿಡಿದರು. ಆ ಜೀನು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ರೋಗ ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಅದನ್ನು ಬೇರುಸಹಿತ ಕೀಳುವ ಮದ್ದು ಇನ್ನೂ ದೊರೆತಿಲ್ಲವಾದರೂ, ಅದರ ವೇಗವನ್ನು ತಗ್ಗಿಸಿ ಮಕ್ಕಳ ಆಯುಷ್ಯವನ್ನು ಹೆಚ್ಚಿಸುವ ಚಿಕಿತ್ಸೆಗಳು ಬಂದಿವೆ. ಡುಶೆನ್ ಸ್ನಾಯುಕ್ಷಯ ಎಂಬ ಹೆಸರಿನಲ್ಲಿ ಅವನ ನೆನಪು ಉಳಿದಿದೆ.

ಕಾಲ ಕಳೆದಂತೆ ಪ್ಯಾರಿಸ್ಸಿನ ವೈದ್ಯರೂ ಅವನ ಯೋಗ್ಯತೆಯನ್ನು ಅರಿತರು. ನರರೋಗಗಳ ಅಧ್ಯಯನದಲ್ಲಿ ಜಗತ್ಪ್ರಸಿದ್ಧನಾದ ಶಾರ್ಕೋ 1862ರಲ್ಲಿ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ವೈದ್ಯನಾಗಿ ಬಂದಾಗ ಅಲ್ಲಿಯ ಬಾಗಿಲು ಡುಶೆನ್ನನಿಗೆ ಸದಾ ತೆರೆದಿತ್ತು. ತನಗಿಂತ ಹಿರಿಯನಾದ ಈ ಪೆಟ್ಟಿಗೆಯ ವೈದ್ಯನನ್ನು ಶಾರ್ಕೋ ಗುರುವೆಂದು ಗೌರವಿಸಿದನು. ಪೀಠವಾಗಲಿ ಪದವಿಯಾಗಲಿ ಕೊನೆಯವರೆಗೂ ಡುಶೆನ್ನನಿಗೆ ಬರಲಿಲ್ಲ. ಅವನೂ ಅವುಗಳ ಬೆನ್ನು ಹತ್ತಲಿಲ್ಲ.

ಅವನ ಬಾಳಿನ ಸಂಜೆಯಲ್ಲಿ ಒಂದು ಸಂತೋಷವೂ ಒದಗಿತು. ಕೂಸಾಗಿದ್ದಾಗ ದೂರವಾಗಿದ್ದ ಮಗ ಎಮಿಲ್ ವೈದ್ಯನಾಗಿ ಬೆಳೆದು, ಸುಮಾರು ಮೂವತ್ತು ವರ್ಷಗಳ ಅಗಲಿಕೆಯ ಬಳಿಕ ಪ್ಯಾರಿಸ್ಸಿಗೆ ಬಂದು ತಂದೆಯೊಡನೆ ಸೇರಿದನು. ತಂದೆಯ ಹಾದಿಯಲ್ಲಿಯೇ ನಡೆದು, ಎಳೆಯ ಮಕ್ಕಳಿಗೆ ಬರುವ ಪಾರ್ಶ್ವವಾಯುವನ್ನು ಕುರಿತು 1864ರಲ್ಲಿ ಪ್ರಬಂಧವನ್ನು ಬರೆದನು. ಈ ಸುಖವೂ ಬಹುಕಾಲ ಬಾಳಲಿಲ್ಲ. ಎಮಿಲ್ ತಂದೆಗಿಂತ ಮೊದಲೇ ತೀರಿಕೊಂಡನು. ಎರಡನೆಯ ಬಾರಿ ಮಗನನ್ನು ಕಳೆದುಕೊಂಡ ಮುದುಕ ಕುಗ್ಗಿಹೋದನು. 1875ನೆಯ ಸೆಪ್ಟೆಂಬರ್ ತಿಂಗಳಿನಲ್ಲಿ, ಅರವತ್ತೊಂಬತ್ತರ ಆಸುಪಾಸಿನಲ್ಲಿ, ಪ್ಯಾರಿಸ್ ನಗರದಲ್ಲಿ ಅವನು ಕಣ್ಮುಚ್ಚಿದನು. ಅಧಿಕಾರವಿಲ್ಲದೆ ಓಡಾಡಿದ ಸಾಲ್ಪೆಟ್ರಿಯೇರ್ ಆಸ್ಪತ್ರೆಯ ಆವರಣದಲ್ಲಿಯೇ ಮುಂದೆ ಅವನ ಸ್ಮಾರಕ ನಿಂತಿತು.

ಡುಶೆನ್ನನ ಪೆಟ್ಟಿಗೆ ಇಂದು ಹಲವು ರೂಪಗಳನ್ನು ತಾಳಿದೆ. ಶಸ್ತ್ರಚಿಕಿತ್ಸೆಯ ತರುವಾಯ ಹಾಸಿಗೆ ಹಿಡಿದವರ ಸ್ನಾಯುಗಳು ಸೊರಗದಂತೆ ಕಾಪಾಡಲು, ಪಾರ್ಶ್ವವಾಯು ಬಡಿದವರಿಗೆ ಮತ್ತೆ ನಡೆಯುವುದನ್ನು ಕಲಿಸಲು ಸ್ನಾಯು ಪ್ರಚೋದಕ ಯಂತ್ರಗಳು ನೆರವಾಗುತ್ತಿವೆ. ಕ್ರೀಡಾಪಟುಗಳೂ ತಜ್ಞರ ಮಾರ್ಗದರ್ಶನದಲ್ಲಿ ಅವುಗಳನ್ನು ಬಳಸುವುದುಂಟು. ಆದರೆ ಬೆವರು ಸುರಿಸದೆ ಮೈಕಟ್ಟನ್ನು ಬೆಳೆಸಿಕೊಳ್ಳಬಹುದೆಂಬ ಆಸೆಯನ್ನು ಮಾರುವವರು ಅಂದಿನಂತೆ ಇಂದೂ ಇದ್ದಾರೆ. ನಡಿಗೆ, ಓಟ, ಆಟ, ದುಡಿಮೆಗಳಿಂದ ಹೃದಯ, ಶ್ವಾಸಕೋಶ, ಮೆದುಳು, ಸ್ನಾಯು ಎಲ್ಲವೂ ಒಟ್ಟಾಗಿ ಬಲಗೊಳ್ಳುತ್ತವೆ. ಯಂತ್ರದ ಮಿಡಿತ ಒಂದು ಸ್ನಾಯುವನ್ನು ಎಚ್ಚರಿಸೀತು. ಆರೋಗ್ಯವಂತನ ವ್ಯಾಯಾಮಕ್ಕೆ ಅದು ಬದಲಿಯಾಗಲಾರದು. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರಂತೂ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಉಪಕರಣದ ಶಕ್ತಿಯನ್ನೂ ಮಿತಿಯನ್ನೂ ಒಟ್ಟಿಗೆ ಅರಿಯಬೇಕೆಂಬುದು ಡುಶೆನ್ನನ ಬಾಳೇ ಹೇಳುವ ಪಾಠ.

ಕಷ್ಟಗಳು ಎಲ್ಲರಿಗೂ ಬರುತ್ತವೆ. ಹಿಡಿದ ವೃತ್ತಿ ಹಳೆಯ ದಾರಿಯಲ್ಲಿ ಮುಂದೆ ಸಾಗದೆ ನಿಲ್ಲುವ ಕಾಲವೂ ಬರುತ್ತದೆ. ಊರು ಕೈಬಿಟ್ಟಾಗ ಡುಶೆನ್ ವೈದ್ಯವೃತ್ತಿಯನ್ನು ಬಿಡಲಿಲ್ಲ; ಅದನ್ನು ನಡೆಸುವ ರೀತಿಯನ್ನು ಬದಲಿಸಿಕೊಂಡನು. ಆಸ್ಪತ್ರೆ ಅವನಿಗೆ ಕುರ್ಚಿಯನ್ನು ಕೊಡದಿದ್ದಾಗ ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತನು. ಅವನು ಅಲ್ಲಿ ನಿಂತು ನೋಡಿದ್ದರ ಫಲವನ್ನು, ಸೋತ ಕೈಯೊಂದು ಮತ್ತೆ ಮಿಡಿಯುವಾಗಲೆಲ್ಲ, ಹೆಸರರಿಯದ ಎಷ್ಟೋ ಜನ ಇಂದಿಗೂ ಉಣ್ಣುತ್ತಿದ್ದಾರೆ.